ಓದದೆ ಪೇರಿಸಿಟ್ಟ ಪುಸ್ತಕಗಳಿಗೊಂದು ಜಪಾನಿ ಪದ

ಮೊನ್ನೆ ಮಗಳ ಮದುವೆಗೆ ಕರೆಯಲು ಗದ್ವಾಲದಿಂದ ನಾರಾಯಣಪೇಟೆಯ ನಮ್ಮ ಹಳೆಯ ಓಣಿಗೆ ಹೋಗಿದ್ದೆ. ಎದುರುಮನೆಯ ಪಡಸಾಲೆಯಲ್ಲಿ ಕಾಲಿಟ್ಟ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಈಗ ಅಲ್ಲಿ ಸೀರೆಯ ಗಂಟುಗಳಿವೆ. ನಾವು ಈ ಓಣಿಯಲ್ಲಿದ್ದಾಗ ಪುಸ್ತಕಗಳಿದ್ದವು. ಆ ಮನೆಯ ಯಜಮಾನರಾದ ಸೀರೆ ಅಂಗಡಿಯ ಸಾಹುಕಾರರು ಅವುಗಳ ನಡುವೆಯೂ ಇದೇ ಗುಳಿಗೆ ಇಡುತ್ತಿದ್ದರು...

ರಾಯಚೂರಿಗೆ ವ್ಯಾಪಾರಕ್ಕೆ ಹೋದರೆ ಚೀಲದ ತುಂಬ ಕನ್ನಡ ಪುಸ್ತಕ ತರುತ್ತಿದ್ದರು. ಜಪಾನಿನ ಲೇಖಕರ ಸುದ್ದಿಯೆಂದರೆ ಅವರಿಗೆ ಪ್ರಾಣ. ಬರೆದು ಮುಗಿಸದ ಲೇಖಕನನ್ನು ಅಲ್ಲಿನ ಪ್ರಕಾಶಕರು ಹೋಟೆಲ್ ಕೋಣೆಯಲ್ಲಿ ಕೂಡಿಹಾಕುತ್ತಿದ್ದರಂತೆ, ಅದಕ್ಕೆ 'ಡಬ್ಬಿಗೆ ತುಂಬುವುದು' ಎಂದೇ ಹೆಸರಂತೆ. ಅವರ ಪುಸ್ತಕಗಳೂ ನಮ್ಮ ಉರ್ದು ಪುಸ್ತಕದ ಹಾಗೆ ಬಲಗಡೆಯಿಂದ ತೆರೆದುಕೊಳ್ಳುತ್ತವಂತೆ. ಹೇಳಿ ಹೊಟ್ಟೆ ಕುಣಿಸಿ ನಗುತ್ತಿದ್ದರು. ಒಮ್ಮೆ ತಮ್ಮ ರಾಶಿಯನ್ನೇ ತೋರಿಸಿದರು.

"ಪುಸ್ತಕ ಕೊಂಡು ಓದದ ಪೇರಿಸಿಡೋದಕ್ಕ ಜಪಾನದಾಗ 'ತ್ಸುಂದೋಕು' ಅಂತಾರ, ತಮ್ಮಾ. ನನಗೂ ಅದ ರೋಗ ಐತಿ. ಬರೋ ದೀಪಾವಳಿಗಿ ಅಂಗಡಿ ಮಗನ ಕೈಗಿ ಕೊಟ್ಟು, ಕುಂತು ಎಲ್ಲಾ ಓದತೀನಿ."

ನನ್ನ ಬಾಯಿಗೆ ಬೀಗವಿರಲಿಲ್ಲ. ಅವರು ಮಕ್ತಲಕ್ಕೆ ಹೋದ ದಿನ ಅವರ ಸೊಸೆ, "ಇವನ್ನೆಲ್ಲಾ ಮಾವಾರು ಓದ್ಯಾರೇನ್ರಿ, ಅಣ್ಣಾರ?" ಎಂದು ಕೇಳಿದಳು. ಜಾಣತನ ತೋರಿಸಲು ಆ ಪದ ಹೇಳಿ, "ಓದಾಕಲ್ಲವ್ವಾ, ಪೇರಿಸಾಕ. ಅದೊಂದು ರೋಗ," ಎಂದು ಆಕೆಯನ್ನು ನಗಿಸಿದೆ. ದೀಪಾವಳಿಯ ಮಾತು ಮಾತ್ರ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹುಕಾರರು ಮರಳಿ ಬರುವಷ್ಟರಲ್ಲಿ ಆಕೆ ಅಷ್ಟನ್ನೂ ರದ್ದಿಯವನ ಬಂಡಿಗೆ ಹಾಕಿಸಿದ್ದಳು.

ಅವರು ಯಾರನ್ನೂ ಬೈದದ್ದು ಕೇಳಿಸಲಿಲ್ಲ. ಸಂಜೆ ನಮ್ಮ ಕಟ್ಟೆಗೆ ಬಂದು ಕೂತರು. "ಆ ಜಪಾನಿ ಪದ ನಮ್ಮ ಸೊಸಿಗಿ ಯಾರು ಹೇಳಿರಬೇಕು, ತಮ್ಮಾ?" ಎಂದರು.

"ಮೊಬೈಲಿನಾಗ ನೋಡಿರಬೇಕ್ರಿ, ಸಾವ್ಕಾರ್ರ," ಎಂದೆ.

"ಇರಬಹುದು..." ಎಂದು ಎದ್ದು ಹೋದರು. ಆಮೇಲೂ ನನ್ನನ್ನು ಚೆನ್ನಾಗಿಯೇ ಮಾತಾಡಿಸುತ್ತಿದ್ದರು, ಪುಸ್ತಕದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು.

ಮೊನ್ನೆ ಚಹಾ ಕೊಡುತ್ತ ಸೊಸೆ ತಾನಾಗಿಯೇ ಆ ಪುಸ್ತಕಗಳ ಮಾತು ತೆಗೆದಳು. "ದೊಡ್ಡ ತಪ್ಪಾತ್ರಿ, ಅಣ್ಣಾರ. ಅವತ್ತ ಮಾವಾರು ಮನಿಗಿ ಬಂದ ಕೂಡ್ಲೇ ಕಾಲಿಗಿ ಬಿದ್ದೆ. ನೀವು ಅಂದಿದ್ದು, ನಾ ರದ್ದಿಗಿ ಕೊಟ್ಟಿದ್ದು, ಎಲ್ಲಾ ಹೇಳಿಬಿಟ್ಟೆ."

ಅಂದರೆ ನಮ್ಮ ಕಟ್ಟೆಗೆ ಬರುವಾಗಲೇ ಅವರಿಗೆ ಗೊತ್ತಿತ್ತು. ನಾನಾಗಿ ಒಪ್ಪಿಕೊಳ್ಳಲಿ ಎಂದು ಕೇಳಿದ್ದರು. ಸುಳ್ಳು ಹೇಳುವ ನನ್ನ ಮುಖವನ್ನು ನೋಡುತ್ತಲೇ ಕೂತಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಈಗ ತಪ್ಪಾಯಿತು ಅನ್ನೋಣವೆಂದರೆ ಕೇಳಿಸಿಕೊಳ್ಳಲು ಅವರಿಲ್ಲ.