ಮುಯ್ಯಿ ತೀರಿಸಲು ಬಸ್ಸು ಹತ್ತಿ ಬಂದವರು

೧೯೫೮ನೇ ಇಸವಿಯ ಬೇಸಿಗೆ. ಆಗ ನಾನು ಪುತ್ತೂರಿನ ಒಂದು ಸಣ್ಣ ಶಾಲೆಯಲ್ಲಿ ಟೀಚರ್. ಮದುವೆ ಆಗಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಊರನ್ನು ಉದ್ಧಾರ ಮಾಡಿಯೇ ಬಿಡುತ್ತೇನೆ ಎಂಬ ಹುರುಪು ಬೇರೆ. ನಮ್ಮ ಶಾಲೆಯಲ್ಲಿ ಐದನೇ ತರಗತಿಯವರೆಗೆ ಮಾತ್ರ ಇತ್ತು. ಆ ವರ್ಷ ಆರನೆಯದಕ್ಕೆ ಅನುಮತಿ ಸಿಕ್ಕಿತು. ಆದರೆ ರಜೆ ಮುಗಿದು ಶಾಲೆ ತೆರೆಯುವಷ್ಟರಲ್ಲಿ ಮಕ್ಕಳು ಕೂರಲು ಒಂದು ಕೋಣೆ ಆಗಿರಬೇಕು, ಇಲ್ಲದಿದ್ದರೆ ಅನುಮತಿಯೂ ಇಲ್ಲ ಎಂದು ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು.

ಗಂಡು ಮಕ್ಕಳೇನೋ ಪೇಟೆಯ ಆಚೆ ತುದಿಯ ದೊಡ್ಡ ಶಾಲೆಗೆ ಹೋಗುತ್ತಿದ್ದರು. ಹುಡುಗಿಯರನ್ನು ಅಷ್ಟು ದೂರ ಕಳಿಸುವವರು ಕಡಿಮೆ. ಐದು ಮುಗಿಯಿತೆಂದರೆ ಅವರು ಮನೆಯಲ್ಲೇ. ಅಕ್ಕಿ ಅಂಗಡಿಯ ಮೋನು ಬ್ಯಾರಿಯವರ ಮಗಳು ಆಯಿಷಾ ನನ್ನ ಕ್ಲಾಸಿನ ಚುರುಕು ಹುಡುಗಿ. ರಜೆಯಲ್ಲೂ ದಿನಕ್ಕೊಮ್ಮೆ ನನ್ನ ಬಿಡಾರದ ಬಾಗಿಲಿಗೆ ಬಂದು, "ಟೀಚರ್, ರೂಮು ಎಷ್ಟು ಆಯ್ತು?" ಎಂದು ಕೇಳುತ್ತಿದ್ದಳು. ಅವಳ ಅಪ್ಪನ ಹತ್ತಿರ ನಾನು ಮಾತಾಡಿಯೂ ನೋಡಿದ್ದೆ. "ಇಲ್ಲಿಯೇ ಆರನೇ ಕ್ಲಾಸು ಆದ್ರೆ ಕಳಿಸುವ ಟೀಚರ್. ಪೇಟೆ ದಾಟಿ ಹೋಗುದು ಬೇಡ" ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

ಕೋಣೆಗೆ ಬೇಕಾದ ಮರ, ಬಿದಿರು, ಸೂರಿಗೆ ಹೊದೆಸುವ ಮುಳಿಹುಲ್ಲು, ಹೆಣೆದ ತೆಂಗಿನ ಮಡಲು ಎಲ್ಲವನ್ನೂ ಊರವರು ಕೊಟ್ಟಿದ್ದರು. ಶಾಲೆಯ ಪಕ್ಕದ ಗೋಳಿಮರದ ಬುಡದಲ್ಲಿ ಅವು ರಾಶಿ ಬಿದ್ದಿದ್ದವು. ಜಾಗ ಮಾತ್ರ ಇಳಿಜಾರು. ಮೊದಲು ಗುಡ್ಡೆ ಕಡಿದು ಸಮತಟ್ಟು ಮಾಡಬೇಕು, ಆಮೇಲೆ ಕಂಬ ನಿಲ್ಲಿಸಬೇಕು. ಅದಕ್ಕೆ ಜನ ಎಲ್ಲಿ?

ಜನ ಇಲ್ಲವೆಂದಲ್ಲ. ಆಗ ಎಲ್ಲೆಲ್ಲೂ ಶ್ರಮದಾನದ ಮಾತು. ನಮ್ಮ ಪೇಟೆಯಲ್ಲೂ ಒಂದು ಸೇವಾ ಸಂಘವಿತ್ತು, ನಾನೂ ಅದರಲ್ಲಿ ಇದ್ದೆ. ಹಳ್ಳಿಗೆ ಹೋಗಿ ಸೇವೆ ಮಾಡುವುದೆಂದರೆ ನಮ್ಮವರಿಗೆ ಎಲ್ಲಿಲ್ಲದ ಉತ್ಸಾಹ. ಬಸ್ಸಿನಲ್ಲಿ ಹಾಡುತ್ತ ಹೋಗಬಹುದು, ಹೊಳೆಯಲ್ಲಿ ಮೀಯಬಹುದು, ಹಲಸಿನಹಣ್ಣು ತಿನ್ನಬಹುದು. ಪೇಟೆಯೊಳಗೇ ಮಣ್ಣು ಹೊರುವುದಾದರೆ ಗುರುತಿನವರೆಲ್ಲ ನೋಡುತ್ತಾರಲ್ಲ! ನಮ್ಮ ಶಾಲೆಯ ಕೆಲಸಕ್ಕೆಂದು ಕರೆದ ಭಾನುವಾರ ಬಂದವರು ಬೆರಳೆಣಿಕೆಯಷ್ಟು. ಅದರಲ್ಲಿ ಒಬ್ಬರು ಬಿಡಿಸಿದ ಕೊಡೆ ಮಡಚಲೇ ಇಲ್ಲ. ಸಂಘದ ಅಧ್ಯಕ್ಷರು ದುಡಿಮೆಯ ಮಹತ್ವದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಮಾತು ಮುಗಿಯುವಾಗ ಬಿಸಿಲು ಏರಿತ್ತು, ಎಲ್ಲರೂ ಮನೆಗೆ ಹೋದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

ಇದಕ್ಕೆ ಕೆಲವು ವಾರ ಮೊದಲು ನಮ್ಮ ಸಂಘ ಪೆರಾಬೆಯ ಆಚೆಗಿನ ಒಂದು ಹಳ್ಳಿಗೆ ಹೋಗಿತ್ತು. ಮಳೆಗಾಲದಲ್ಲಿ ಅಲ್ಲಿನ ಮಕ್ಕಳು ತೋಡು ದಾಟಲು ಒಂದು ಸಂಕ, ಅಂದರೆ ಮರದ ಕಾಲುಸೇತುವೆ, ಅಲ್ಲಿಂದ ಶಾಲೆಯವರೆಗೆ ಒಂದು ಕಾಲುದಾರಿ. ಎರಡು ದಿನ ಕೆಲಸ ಮಾಡಿದೆವು. ನಿಜ ಹೇಳುವುದಾದರೆ ಮಾಡಿದ್ದಕ್ಕಿಂತ ಉಂಡದ್ದೇ ಹೆಚ್ಚು. ಆ ಊರಿನ ಹಿರಿಯರು ಕುಂಞಣ್ಣ ಗೌಡರು ಎಂದು. ಅವರು ನಮ್ಮ ಊಟ, ಬೆಲ್ಲ, ನೀರು ಎಲ್ಲ ನಿಂತು ನೋಡಿಕೊಂಡಿದ್ದರು. ಹೊರಡುವಾಗ, "ಪುತ್ತೂರಿನಲ್ಲಿ ನಿಮ್ಮ ಬಿಡಾರ ಎಲ್ಲಿ ಆಯ್ತು ಟೀಚರ್?" ಎಂದು ಕೇಳಿದರು. ನಾನು ದಾರಿ ಹೇಳಿ, "ಯಾವಾಗ ಬೇಕಾದರೂ ಬನ್ನಿ ಗೌಡ್ರೆ" ಎಂದೆ. ಉಪಚಾರಕ್ಕೆ ಎಲ್ಲರೂ ಹೇಳುವ ಮಾತು.

ಮೇ ತಿಂಗಳ ಕೊನೆಯ ಒಂದು ಶನಿವಾರ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮನೆಯ ಯಜಮಾನತಿ ಕಮಲಕ್ಕ ಓಡಿ ಬಂದರು. "ಎಂತ ಮಾಡಿ ಇಟ್ಟಿದ್ದಿ ಮಾರಾಯ್ತಿ? ಅಂಗಳ ತುಂಬ ಜನ! ಕೈಯಲ್ಲಿ ಪಿಕ್ಕಾಸು, ಹಾರೆ!"

ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟ ಗಂಡಸರು, ಸೊಂಟಕ್ಕೆ ಕತ್ತಿ, ಬುಟ್ಟಿ ಹಿಡಿದ ಹೆಂಗಸರು. ಮುಂದೆ ಕುಂಞಣ್ಣ ಗೌಡರು. ಮೊದಲ ಬಸ್ಸು ತುಂಬಿಸಿಕೊಂಡು ಬಂದಿದ್ದರು, ಎಲ್ಲರಿಗೂ ಹಿಡಿಸದೆಂದು ಕೆಲವರು ಹಿಂದಿನ ರಾತ್ರಿಯೇ ನಡೆದು ಹೊರಟಿದ್ದರಂತೆ.

"ಮುಯ್ಯಿ ತೀರಿಸ್ಲಿಕ್ಕೆ ಬಂದದ್ದು ಟೀಚರ್. ಮಳೆ ಹಿಡಿದ್ರೆ ನಾಟಿ ಶುರು ಆಗ್ತದೆ, ಮತ್ತೆ ಪುರುಸೊತ್ತಿಲ್ಲ. ಕೆಲಸ ಎಲ್ಲಿ ಉಂಟು, ತೋರಿಸಿ."

ಮುಯ್ಯಿ ನಮ್ಮ ಕಡೆಯ ಹಳೆಯ ಕ್ರಮ. ಇಂದು ನೀವು ನನ್ನ ಗದ್ದೆಯಲ್ಲಿ ದುಡಿದರೆ ನಾಳೆ ನಾನು ನಿಮ್ಮ ಗದ್ದೆಯಲ್ಲಿ ದುಡಿಯಬೇಕು. ಕೂಲಿ ಇಲ್ಲ, ಊಟ ಮಾತ್ರ. ನಮ್ಮ ಶ್ರಮದಾನವನ್ನು ಅವರು ಮುಯ್ಯಿ ಎಂದೇ ತಿಳಿದಿದ್ದರು! ನನಗೆ ನಗು ಬಂತು. "ಅಯ್ಯೋ ಗೌಡ್ರೆ, ಅದು ದಾನ. ತೀರಿಸಲಿಕ್ಕೆ ಇಲ್ಲ" ಎಂದೆ.

ಅವರ ಮುಖ ಬಾಡಿತು. "ದಾನ ತೆಗೊಳ್ಳುವ ಹಾಗೆ ನಮಗೆ ಎಂತ ಆಗಿದೆ ಟೀಚರ್? ಕೈಕಾಲು ಗಟ್ಟಿ ಉಂಟಲ್ಲ. ಹೀಗೇ ತಿರುಗಿ ಹೋದ್ರೆ ಊರಲ್ಲಿ ಮುಖ ತೋರಿಸುದು ಹೇಗೆ?"

ನನ್ನ ನಗು ಅಲ್ಲೇ ನಿಂತಿತು. ಕಮಲಕ್ಕ ಹಿಂದಿನಿಂದ ನನ್ನ ಸೆರಗು ಜಗ್ಗಿ, "ನಮ್ಮ ಬಚ್ಚಲಿನ ಹಿಂದೆ ದರೆಯ ಮಣ್ಣು ಜರಿದದ್ದು ಉಂಟು, ಅದನ್ನಾದರೂ ತೋರಿಸು" ಎಂದು ಪಿಸುಗುಟ್ಟಿದರು. ಆಗಲೇ ಗೇಟಿನ ಹತ್ತಿರ ಆಯಿಷಾ ಕಂಡಳು. ದಿನದ ಪ್ರಶ್ನೆ ಕೇಳಲು ಬಂದವಳು ಜನ ನೋಡಿ ಬಾಯಿ ಬಿಟ್ಟು ನಿಂತಿದ್ದಳು. ನನ್ನ ಮಂದ ತಲೆಗೆ ಆಗ ಹೊಳೆಯಿತು ನೋಡಿ.

"ಕೆಲಸ ಉಂಟು ಗೌಡ್ರೆ! ಬನ್ನಿ!" ಎಂದು ಒದ್ದೆ ಸೀರೆಯಲ್ಲೇ ಹೊರಟೆ.

ಪೇಟೆಯ ಬೀದಿಯಲ್ಲಿ ನಾನು ಮುಂದೆ, ಹಿಂದೆ ಆ ದಂಡು. ಹೋಟೆಲಿನವರು ಹೊರಗೆ ಬಂದು ನೋಡಿದರು. ಶಾಲೆ ತಲುಪಿದ್ದೇ ತಡ, ಗೌಡರು ಒಮ್ಮೆ ಜಾಗದ ಸುತ್ತ ನಡೆದರು, ಹಾರೆ ಬೀಳತೊಡಗಿತು. ಹೆಂಗಸರು ಸಾಲು ನಿಂತು ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸಿದರು, ಜೊತೆಗೆ ತುಳುವಿನಲ್ಲಿ ನಾಟಿಯ ಹಾಡು. ಪುತ್ತೂರು ಪೇಟೆಯ ನಡುವೆ ನಾಟಿಯ ಹಾಡು!

ನನಗೆ ಊಟದ ಚಿಂತೆ ಹತ್ತಿತು. ಮುಯ್ಯಿಯವರಿಗೆ ಊಟ ಹಾಕದಿದ್ದರೆ ಮಾನ ಹೋದಂತೆ. ಆಯಿಷಾ ಆಗಲೇ ಅಂಗಡಿಗೆ ಓಡಿ ಸುದ್ದಿ ಮುಟ್ಟಿಸಿದ್ದಳು. ಮೋನು ಬ್ಯಾರಿಯವರು ತಾವೇ ಅಕ್ಕಿಮೂಟೆ ಹೊತ್ತುಕೊಂಡು ಬಂದರು. ಕಮಲಕ್ಕ ಬಚ್ಚಲಿನ ದರೆಯನ್ನು ಮರೆತು, ಗೋಳಿಮರದಡಿ ಕಲ್ಲು ಹೂಡಿ ಗಂಜಿಗೆ ನೀರಿಟ್ಟರು. ಮೋನು ಬ್ಯಾರಿಯವರು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಅಂಗಿ ಬಿಚ್ಚಿ ಮರದ ಕೊಂಬೆಗೆ ಸಿಕ್ಕಿಸಿ ಬಿದಿರು ಹೊರಲು ಇಳಿದರು.

ನೋಡಲು ಬಂದವರು ಒಬ್ಬೊಬ್ಬರೇ ಸಾಲಿಗೆ ಸೇರಿದರು. ಹೊತ್ತೇರುವಾಗ ನಮ್ಮ ಅಧ್ಯಕ್ಷರೂ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಬಂದರು. ಗಂಟಲು ಸರಿಮಾಡಿ, "ಬಂಧುಗಳೇ" ಎಂದರು. ಗೌಡರು ಅವರ ಕೈಗೆ ಬುಟ್ಟಿ ಕೊಟ್ಟು, "ಮಾತು ಮತ್ತೆ ಆಡುವ ಸ್ವಾಮಿ, ಇದನ್ನೊಮ್ಮೆ ಆಚೆ ದಾಟಿಸಿ" ಎಂದರು. ಒಂದು ಬುಟ್ಟಿ ದಾಟಿಸುವಷ್ಟರಲ್ಲಿ ಇನ್ನೊಂದು ಬಂತು. ಪಾಪ, ಊಟದ ಹೊತ್ತಿನವರೆಗೆ ಅವರಿಗೆ ಸಾಲಿನಿಂದ ಹೊರಗೆ ಬರಲು ಆಗಲೇ ಇಲ್ಲ. ಮರುದಿನ ಹುಲ್ಲು ಹೊದೆಸುವಾಗ ತಾವಾಗಿಯೇ ಏಣಿ ಹತ್ತಿದರು, ಅದನ್ನೂ ಹೇಳಬೇಕು.

ಆ ರಾತ್ರಿ ಹಳ್ಳಿಯವರೆಲ್ಲ ಶಾಲೆಯ ಜಗಲಿಯಲ್ಲೇ ಮಲಗಿದರು. ಭಾನುವಾರ ಸಂಜೆಗೆ ಕೋಣೆ ನಿಂತಿತು. ಮುಳಿಹುಲ್ಲಿನ ಮಾಡು, ಮಡಲಿನ ಗೋಡೆ, ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲ. ಆಯಿಷಾ ಬಂದಳು. ಪ್ರಶ್ನೆ ಕೇಳುತ್ತಾಳೆಂದು ಕಾದೆ. ಅವಳು ಏನೂ ಕೇಳದೆ ಒಳಗೆ ಹೋಗಿ, ಎಲ್ಲರಿಗಿಂತ ಮುಂದೆ, ಬರೀ ನೆಲದಲ್ಲಿ ಕಾಲು ಮಡಚಿ ಕೂತಳು.

"ಎಂತ ಮಾಡುದು ಇಲ್ಲಿ?" ಎಂದೆ.

"ಜಾಗ ಹಿಡಿದದ್ದು ಟೀಚರ್" ಎಂದಳು.

ನಾನು ಅತ್ತುಬಿಟ್ಟೆ. ಸಿಟ್ಟಿನ ಟೀಚರ್ ಅಳುವುದನ್ನು ಕಂಡು ಕಮಲಕ್ಕನಿಗೆ ನಗುವೋ ನಗು.

ಜೂನ್‌ನಲ್ಲಿ ಶಾಲೆ ತೆರೆಯಿತು. ಮೊದಲ ಮಳೆಗೆ ಮಾಡು ಒಂದೇ ಒಂದು ಕಡೆ ಸೋರಿತು. ಅದು ಅಧ್ಯಕ್ಷರು ಹೊದೆಸಿದ ಭಾಗ ಎಂದು ಮಕ್ಕಳಿಗೆಲ್ಲ ಗೊತ್ತಿತ್ತು. ಅಲ್ಲೊಂದು ಚೆಂಬು ಇಟ್ಟು ಪಾಠ ಮಾಡಿದೆ.

ಹಳ್ಳಿಯಿಂದ ಬಂದವರು ಅಲ್ಲಿಗೆ ಹೋಗಿದ್ದ ನಮಗಿಂತ ಎಷ್ಟೋ ಹೆಚ್ಚು ಮಂದಿ. ಹಾಗಾಗಿ ಈಗ ಮುಯ್ಯಿ ನಮ್ಮ ತಲೆಯ ಮೇಲೆ! ನಾಟಿಯ ಸಮಯದ ಒಂದು ಭಾನುವಾರ ಬಸ್ಸು ತುಂಬ ಜನ ಹೊರಟೆವು. ಅಂಗಡಿ ಮುಚ್ಚಿ ಮೋನು ಬ್ಯಾರಿಯವರೂ ಬಂದರು. ಅಡ್ಡಮಳೆಯಲ್ಲಿ ಭತ್ತದ ಸಸಿಯ, ಅಂದರೆ ನೇಜಿಯ ಕಟ್ಟು ಹೊತ್ತು ಗದ್ದೆಯ ಕಿರಿದಾದ ಹುಣಿಯ ಮೇಲೆ ನಡೆಯಹೋಗಿ ಜಾರಿ ಕೆಸರಿಗೆ ಬಿದ್ದರು. ನಾಟಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಎದ್ದು ನಿಂತು ಅವರೂ ನಕ್ಕರು.

ಸಂಜೆ ಹೊರಡುವಾಗ ಕುಂಞಣ್ಣ ಗೌಡರು, "ಇನ್ನು ಎರಡು ಕಡೆಯೂ ಬಾಕಿ ಇಲ್ಲ ಬ್ಯಾರಿಗಳೇ, ಸಮ ಆಯ್ತು" ಎಂದರು.

ಮೋನು ಬ್ಯಾರಿಯವರು ತಲೆಯ ಕೆಸರು ಒರೆಸಿಕೊಳ್ಳುತ್ತ, "ಸಮ ಆಗುದು ಹೇಗೆ ಗೌಡ್ರೆ? ಆಯಿಷಾನ ಕೆಳಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳು ಉಂಟು ನನಗೆ. ಅವರೂ ಆ ರೂಮಿನಲ್ಲೇ ಕೂರುದು. ಬರುವ ವರ್ಷವೂ ಬರ್ತೇನೆ" ಎಂದರು.

ಬಂದರು ಕೂಡ. ಎಷ್ಟೋ ವರ್ಷ ಬಂದರು. ಆ ಮಾತು ನೆನಪಾದಾಗಲೆಲ್ಲ ಈಗಲೂ ನನಗೆ ಮೈಯೆಲ್ಲ ಸಂತೋಷವಾಗುತ್ತದೆ.