ಗಿರಿಜ ಹೇಳುವ ಮೊದಲೇ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಎಲ್ಲದಕ್ಕೂ ರೀಸನ್ ಕೇಳಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಅಷ್ಟು ಚೆನ್ನಾಗಿ ಕಲಿಸಿದ್ದರು. ಆದರೆ ಕೆಲವು ವರ್ಷಗಳ ಹಿಂದಿನ ಮರವಂತೆಯ ಒಂದು ಮಧ್ಯಾಹ್ನಕ್ಕೆ ನನ್ನ ಹತ್ತಿರ ಇವತ್ತಿಗೂ ರೀಸನ್ ಇಲ್ಲ. ಅದೇ ನನಗೆ ಸಿಟ್ಟು.

ನನ್ನ ತಮ್ಮನ ಮೊಮ್ಮಗಳು ಅನಘಾ ಮುಂಬೈಯಲ್ಲಿ ಬೆಳೆದವಳು; ಮನೆಯ ಕನ್ನಡ ಬರುತ್ತದೆ, ಈ ಕಡೆಯ ಕುಂದಾಪುರ ಕನ್ನಡ ತಿಳಿಯದು. ಇಂಟರ್‌ನ್ಯಾಷನಲ್ ಹ್ಯೂಮನ್ ರೈಟ್ಸ್ ಕಾನೂನಿನಲ್ಲಿ ಆಗಷ್ಟೇ ಸಂಶೋಧನೆ ಶುರುಮಾಡಿದ್ದಳು. ವಿದೇಶಿ ಮೀನುಗಾರಿಕೆ ಬೋಟುಗಳಿಗೆ ಕೆಲಸಕ್ಕೆ ಹೋಗಿ ಸುದ್ದಿಯೇ ಇಲ್ಲದ ಗಂಡಸರ ಬಗ್ಗೆ ಹೊರದೇಶದ ಒಂದು ಕಮಿಟಿಗೆ ದೂರು ಕೊಡಬೇಕಿತ್ತು. ಮೀನು ಮಾರುವ ಗಿರಿಜಳ ಗಂಡನೂ ಹಾಗೆ ಹೋದವನು. ಅವಳ ಹೇಳಿಕೆ ರೆಕಾರ್ಡ್ ಆಗಬೇಕು. ಅವಳು ಹೇಳಿದ್ದನ್ನು ಒಂದೊಂದೇ ವಾಕ್ಯವಾಗಿ ನಾನು ಇಂಗ್ಲಿಷಿನಲ್ಲಿ ಹೇಳಬೇಕು.

“ಎಂತ ಅಮ್ಮ, ನಿಮ್ ಹೆಣ್ಣಿಗೆ ಕಾನೂನ್ ಬತ್ತ್, ಮಾತ್ ಬತ್ತಿಲ್ಯಾ?” ಎಂದು ನಗಾಡಿಕೊಂಡೇ ಗಿರಿಜ ಶುರುಮಾಡಿದಳು. ಗಂಡನ ಕೊನೆಯ ಫೋನು, ಪಾಸ್‌ಪೋರ್ಟನ್ನು ಕ್ಯಾಪ್ಟನ್ ಕಸಿದುಕೊಂಡದ್ದು, ಕಾಲಿನ ಗಾಯಕ್ಕೆ ಮದ್ದಿಲ್ಲದೆ ಅವನು ಇಂಜಿನ್ ಆಯಿಲ್ ಹಚ್ಚಿಕೊಂಡದ್ದು. ಅವಳು ನಿಲ್ಲಿಸುತ್ತಿದ್ದಳು, ನಾನು ಹೇಳುತ್ತಿದ್ದೆ. ನನಗೆ ನೆನಪಿರುವುದು ಹಾಗೆಯೇ.

ಸಂಜೆ ತೆಕ್ಕಟ್ಟೆಯ ನಮ್ಮ ಮನೆಯಲ್ಲಿ ಅನಘಾ ಫೋನಿನಲ್ಲಿದ್ದ ರೆಕಾರ್ಡಿಂಗ್ ಹಾಕಿದಳು. ಪ್ರತಿಯೊಂದು ವಾಕ್ಯವೂ ಮೊದಲು ನನ್ನ ಇಂಗ್ಲಿಷಿನಲ್ಲಿ, ಆಮೇಲೆ ಗಿರಿಜಳ ಕನ್ನಡದಲ್ಲಿ. ಹಿನ್ನೆಲೆಯ ಕಡಲಿನ ಅಲೆಯ ಸದ್ದು ಎಲ್ಲಿಯೂ ಕಡಿದಿರಲಿಲ್ಲ; ಯಾರೂ ಕತ್ತರಿಸಿ ಜೋಡಿಸಿದ್ದಲ್ಲ. ಇಂಜಿನ್ ಆಯಿಲ್ ಸಂಗತಿಯನ್ನು ನಾನು ಎಲ್ಲಿಂದ ತಂದೆ? ಎದುರೇ ಕೂತಿದ್ದ ಅನಘಾಳಿಗೂ ಆಗ ಏನೂ ಅನ್ನಿಸಿರಲಿಲ್ಲವಂತೆ.

“ಅಜ್ಜಿ, ವಿಟ್ನೆಸ್‌ಗೆ ನೀನೇ ಕೋಚಿಂಗ್ ಕೊಟ್ಟ ಹಾಗಿದೆ! ದಿಸ್ ಈಸ್ ಯೂಸ್‌ಲೆಸ್!” ಅವಳಿಗೆ ಅಳುವೇ ಬಂತು. ಫೋನಿನ ದೋಷವಿರಬಹುದೆಂದು ರಿಪೇರಿ ಗೊತ್ತಿರುವವರಿಗೆ ತೋರಿಸಿದಳು. ದೋಷ ಸಿಗಲಿಲ್ಲ.

ಇನ್ನೊಮ್ಮೆ ಹೇಳು ಎಂದು ಕೇಳಿಕೊಳ್ಳಲು ಮತ್ತೆ ಮರವಂತೆಗೆ ಹೋದೆವು. ಯಾಕೆಂದು ವಿವರಿಸಿ ರೆಕಾರ್ಡಿಂಗನ್ನೂ ಕೇಳಿಸಿದೆ. ಗಿರಿಜ ಪೂರ್ತಿ ಕೇಳಿದಳು. ಹೊಸ ಹೇಳಿಕೆಯ ಮಾತು ಅವಳ ಕಿವಿಗೇ ಬೀಳಲಿಲ್ಲ. ನನ್ನ ಕೈ ಹಿಡಿದುಕೊಂಡಳು.

“ಹಂಗಾರೆ ನಿಮ್ಗೆ ಯಾರ್ ಹೇಳ್ರ್ ಅಮ್ಮ? ನಮ್ಮನೆಯವ್ರೇ ಹೇಳ್ರಾ? ಜೀವದಗ್ ಇದ್ರಾ?”

ಹೊಸ ಹೇಳಿಕೆ ಆಗಲೇ ಇಲ್ಲ, ದೂರು ಇನ್ನೂ ಹೋಗಿಲ್ಲ. ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಸಿಕ್ಕಾಗಲೆಲ್ಲ ಗಿರಿಜ ಅದನ್ನೇ ಕೇಳುತ್ತಾಳೆ, ಗಂಡ ಬದುಕಿದ್ದಾನಾ ಎಂದು. ನನಗೆ ಗೊತ್ತಿಲ್ಲ ಮಾರಾಯ್ತಿ ಎನ್ನುತ್ತೇನೆ. ಅವಳು ನಂಬುವುದಿಲ್ಲ.