ಅಕ್ಕನ ಮನೆಯ ಪ್ಲಗ್ಗು

ಪ್ರತಿ ಭಾನುವಾರ ನಾನು ಆವತಿಗೆ, ಅಕ್ಕನ ಮನೆಗೆ, ಹೋಗುವುದನ್ನು ಕಂಡು ನೆಂಟರೆಲ್ಲ ಹೊಗಳುತ್ತಾರೆ. ಆ ಹೊಗಳಿಕೆಗೆ ನಾನು ಲಾಯಕ್ಕಲ್ಲ ಎಂದು ನಿಮ್ಮ ಕಿವಿಯಲ್ಲಷ್ಟೇ ಹೇಳುತ್ತೇನೆ. ನಾನು ಹೋಗುವುದು ಅಕ್ಕನಿಗಾಗಿ ಅಲ್ಲ, ಅವಳ ಜಗಲಿಯ ಪ್ಲಗ್ಗಿಗಾಗಿ.

ನಾನಿರುವುದು ದೇವನಹಳ್ಳಿಯ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸಿದರೆ ಮನೆಯ ದರ. ಅದೇ ಕರೆಂಟು ಕೆಳಗಿನ ಪಾರ್ಕಿಂಗ್‌ನಲ್ಲಿ ನನ್ನ ಎಲೆಕ್ಟ್ರಿಕ್ ಸ್ಕೂಟರಿಗೆ ಹೋದರೆ ನಿವಾಸಿಗಳ ಸಂಘದ ಮೀಟರು, ಸಂಘದ ದುಬಾರಿ ದರ, ಮೇಲೆ ನಿರ್ವಹಣೆಯ ಖರ್ಚು. ಅಕ್ಕನದು ಸ್ವಂತ ಮನೆ. ಅಲ್ಲಿ ಮಿಕ್ಸಿಗೂ ಸ್ಕೂಟರಿಗೂ ಒಂದೇ ದರ. ಹಿಂದೆ ಹೆಂಗಸರು ಪಕ್ಕದ ಮನೆಗೆ ಬೆರಣಿ ಹಿಡಿದು ಹೋಗಿ ಕೆಂಡ ತರುತ್ತಿದ್ದರಂತೆ. ನಾನು ಚಾರ್ಜರ್ ಹಿಡಿದು ಹೋಗುತ್ತೇನೆ, ಅಷ್ಟೇ ವ್ಯತ್ಯಾಸ.

ಆದರೆ ಅಕ್ಕನ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಬಾಳೆಹಣ್ಣು, ಎರಡು ಮೊಳ ಹೂವು ಆಗಲೇಬೇಕು. ಹೊರಡುವಾಗ ಅವಳು ಕುಂಕುಮ ಕೊಟ್ಟು, ಒಂದು ಚೀಲ ಅವರೆಕಾಯಿ, ಮೇಲೊಂದು ಕುಂಬಳಕಾಯಿ ಹೇರುತ್ತಾಳೆ. ಅಷ್ಟು ಭಾರ ಹೊತ್ತು ಮನೆ ಸೇರುವಷ್ಟರಲ್ಲಿ ಸ್ಕೂಟರು ಕುಡಿದದ್ದನ್ನು ಸಾಕಷ್ಟು ಕಕ್ಕಿರುತ್ತದೆ. ಉಳಿತಾಯದಲ್ಲಿ ನಾನು ಇಷ್ಟು ಜಾಣೆ.

ಕೊನೆಗೆ ಹಟ ಹಿಡಿದೆ. ನನ್ನ ಮನೆಯ ಮೀಟರಿನಿಂದ ನನ್ನ ಪಾರ್ಕಿಂಗ್ ಜಾಗಕ್ಕೆ, ನನ್ನ ಖರ್ಚಿನಲ್ಲೇ ವೈರು ಎಳೆಸಲು ಅನುಮತಿ ಕೋರಿ ಸಂಘಕ್ಕೆ ಅರ್ಜಿ ಕೊಟ್ಟೆ.

"ನಿಮಗೊಬ್ರಿಗೆ ಕೊಟ್ರೆ ಎಲ್ರೂ ಕೇಳ್ತಾರೆ ಮೇಡಂ," ಎಂದರು ಕಾರ್ಯದರ್ಶಿ.

"ಕೇಳ್ಲಿ ಸಾರ್, ಎಲ್ರಿಗೂ ಕೊಡಿ."

ಎರಡು ಸಲ ಅರ್ಜಿ ವಾಪಸ್ ಬಂತು. ಮೂರನೇ ಸಲ ಮನೆಮನೆಯ ಬೆಲ್ ಒತ್ತಿ, ಸ್ಕೂಟರ್ ಇದ್ದವರೆಲ್ಲರ ಸಹಿ ಹಾಕಿಸಿಕೊಂಡೇ ಕೊಟ್ಟೆ.

ಈ ಪರಾಕ್ರಮವನ್ನು ಅಕ್ಕನಿಗೆ ವರ್ಣಿಸುತ್ತಿದ್ದೆ. ಅವರೆಕಾಯಿ ಸುಲಿಯುತ್ತಿದ್ದವಳ ಕೈ ನಿಂತಿತು.

"ವೈರ್ ಬಂದ್ಮೇಲೆ ನೀನು ಬರಲ್ಲ ಅನ್ನು."

"ಹಂಗ್ಯಾಕಂತೀಯಕ್ಕಾ?"

"ನಂಗೊತ್ತಿಲ್ವೇನೇ? ಹಬ್ಬಕ್ಕೆ ಕರೆದ್ರೂ ಬರ್ದೋಳು ಸ್ಕೂಟರ್ ತಗೊಂಡ್ಮೇಲೆ ವಾರವಾರ ಬರ್ತಿದ್ದೀಯ. ಹೆಂಗೋ ಬರ್ತಾಳಲ್ಲ ಅಂತ ಸುಮ್ನಿದ್ದೆ."

ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಮಹಡಿಯ ಮೇಲಿದ್ದೇನೆಂಬ ಕಾರಣಕ್ಕೆ ಹೆಚ್ಚು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ವೈರು ಬರುವವರೆಗೂ ಕಾಯದೆ ಮರು ಭಾನುವಾರವೇ ಚಾರ್ಜರನ್ನು ಮನೆಯಲ್ಲಿ ಬಿಟ್ಟು ಆವತಿಗೆ ಹೋದೆ.

"ಮರೆತ್ಬಂದ್ಯಾ?" ಎಂದಳು ಅಕ್ಕ.

"ಇಲ್ಲಕ್ಕಾ, ಬೇಕಂತ್ಲೇ ಬಿಟ್ಬಂದೆ."

ಅವಳು ನಂಬಲಿಲ್ಲ. ಸೀಟು ಎತ್ತಿಸಿ, ಡಿಕ್ಕಿಯೊಳಗೆ ಕೈಯಾಡಿಸಿ ನೋಡಿದ ಮೇಲೆಯೇ ನಕ್ಕಳು.